ಉಬ್ಬರದ ಬೆನ್ನೇರಿ ಲಂಡನ್ನಿಗೆ

ಥೇಮ್ಸ್‌ನಲ್ಲಿ ಲಂಡನ್ನಿಗೆ ಹೊರಟ ಹಾಯಿದೋಣಿಯ ಲೆಕ್ಕ ಕೊನೆಯಿಂದ ಶುರುವಾಗುತ್ತದೆ. ಟವರ್ ಬ್ರಿಡ್ಜ್ ಮಗ್ಗುಲಿನ ಸೇಂಟ್ ಕ್ಯಾಥರೀನ್ ಡಾಕ್ಸ್ ಎಂಬ ದೋಣಿ ತಂಗುದಾಣದ ಗೇಟು ತೆರೆಯುವುದು ಲಂಡನ್ ಬ್ರಿಡ್ಜ್‌ನ ತುಂಬು ಉಬ್ಬರಕ್ಕೆ ಎರಡು ಗಂಟೆ ಮೊದಲು. ಮುಚ್ಚುವುದು ಒಂದೂವರೆ ಗಂಟೆ ನಂತರ. ತಪ್ಪಿದರೆ ಮುಂದಿನ ಉಬ್ಬರದವರೆಗೆ ಹೊರಗೇ ಬೋಯಾಕ್ಕೆ, ಅಂದರೆ ನೀರಿನ ತಳಕ್ಕೆ ಬಿಗಿದ ತೇಲುಗುಂಡಿಗೆ, ಕಟ್ಟಿಕೊಂಡಿರಬೇಕು. ವೇಗದ ಪ್ರಯಾಣಿಕರ ದೋಣಿಗಳು ಎಬ್ಬಿಸುವ ಅಲೆಗೆ ಒಳಗಿನ ಪಾತ್ರೆಪಗಡಗಳೆಲ್ಲ ನೆಲ ಕಾಣುವ ಜಾಗ ಅದು.

ಆದ್ದರಿಂದ ನದೀಮುಖದ ಕ್ವೀನ್‌ಬರೋ ಬಿಡುವುದು ಇಳಿತ ಮುಗಿಯುತ್ತಿರುವಾಗ. ದೂರ ಸುಮಾರು 40 ನಾಟಿಕಲ್ ಮೈಲಿ. ಪಕ್ಕದ ಶೀರ್ನೆಸ್‌ನಲ್ಲಿ ಉಬ್ಬರ ತುಂಬಿ ಒಂದೂಕಾಲು ಗಂಟೆ ಕಳೆದ ಮೇಲೆಯೇ ಅದು ಲಂಡನ್ ಬ್ರಿಡ್ಜ್‌ನಲ್ಲಿ ತುಂಬುವುದು. ಹಾಗಾಗಿ ನೀರಿನ ಜೊತೆ ಓಡುವ ದೋಣಿಗೆ ಏಳು ಗಂಟೆಯಷ್ಟು ತಳ್ಳು ಸಿಗುತ್ತದೆ. ಸ್ವಂತ ವೇಗ ಐದು ನಾಟ್ (ಗಂಟೆಗೆ ಐದು ನಾಟಿಕಲ್ ಮೈಲಿ), ನೀರಿನದು ಎರಡು ಎಂದರೂ ಆರು ಗಂಟೆಯ ದಾರಿ. ಗಾಳಿ ಎದುರಿಗಿದ್ದರೆ ಹಟ ಬೇಡ, ಎಂಜಿನ್ ಹಚ್ಚಿ.

ಶೀರ್ನೆಸ್ ದಾಟುವಾಗ ರಿಚರ್ಡ್ ಮಾಂಟ್ಗೊಮರಿ ಹಡಗಿನ ಸುತ್ತಲಿನ ಬೋಯಾಗಳ ಒಳಗೆ ಕಾಲಿಡಬಾರದು. 1944ರಲ್ಲಿ ಮುಳುಗಿದ ಅದರೊಳಗೆ ಸುಮಾರು 1,400 ಟನ್ ಸ್ಫೋಟಕ ಹಾಗೇ ಇದೆ. ಅಲ್ಲಿಂದ ಗ್ರೇವ್ಸೆಂಡ್ ತನಕ ದೊಡ್ಡ ಹಡಗುಗಳ ಕಾಲುವೆಯ ಹೊರಗಂಚು ಹಿಡಿಯುವುದು. ಎಣ್ಣೆಯ ಜೆಟ್ಟಿ, ಕೆಸರು, ಮತ್ತೆ ಜೆಟ್ಟಿ. ಕ್ಯಾಮೆರಾ ತೆಗೆಯಬೇಕಿಲ್ಲ.

ನಿಜವಾದ ಪರೀಕ್ಷೆ ಲಂಡನ್ನಿಗೆ ಪ್ರವಾಹ ನುಗ್ಗದಂತೆ ತಡೆಯುವ ಥೇಮ್ಸ್ ಬ್ಯಾರಿಯರ್. 520 ಮೀಟರ್ ಅಗಲದ ನದಿಗೆ ಅಡ್ಡ ನಿಂತ ಹತ್ತು ಗೇಟುಗಳಲ್ಲಿ ದೊಡ್ಡ ನಾಲ್ಕು ಕಂಡಿಗಳು ತಲಾ 61 ಮೀಟರ್. ಅದಕ್ಕೆ ಮೊದಲೇ ಸಿಗುವ ಮಾರ್ಗರೆಟ್ ನೆಸ್ ಬಳಿ ವಿಎಚ್‌ಎಫ್ ರೇಡಿಯೊದ 14ನೇ ಚಾನೆಲ್‌ನಲ್ಲಿ ನದಿಯ ಸಂಚಾರ ನಿಯಂತ್ರಿಸುವ ಲಂಡನ್ ವಿಟಿಎಸ್‌ಗೆ ದೋಣಿಯ ಹೆಸರು, ಇರುವ ಜಾಗ, ಹೋಗುವ ಜಾಗ ಹೇಳಬೇಕು. ಅಷ್ಟೇ ಸಾಕು; ಹವಾಮಾನದ ಹರಟೆ ಬೇಡ. ಅವರು ಹೇಳಿದ ಕಂಡಿಯನ್ನು ಮರಳಿ ಉಚ್ಚರಿಸಿ ಖಚಿತಪಡಿಸಿ. ಹಸಿರು ಬಾಣವಿದ್ದರೆ ದಾರಿ, ಕೆಂಪು ಕತ್ತರಿ ಗುರುತಿದ್ದರೆ ಇಲ್ಲ. ಹಾಯಿ ಇಳಿಸಿ ಎಂಜಿನ್ ಮೇಲೆಯೇ ದಾಟಬೇಕು.

ಎಂಜಿನ್ ಕೈಕೊಡುವುದೂ ಇಂಥಲ್ಲೇ. ತೇಲುವ ಪ್ಲಾಸ್ಟಿಕ್ ಚೀಲ ಎಂಜಿನ್ ತಂಪಾಗಿಸುವ ನೀರು ಒಳಸೇರುವ ಬಾಯಿಗೆ ಅಂಟಿಕೊಳ್ಳುತ್ತದೆ. ಹೊಗೆಕೊಳವೆಯಿಂದ ನೀರು ಉಗುಳುವುದು ನಿಂತರೆ ಅದೇ ಸೂಚನೆ. ಬ್ಯಾರಿಯರ್‌ಗೆ ಮೊದಲೇ ಒಮ್ಮೆ ಬಗ್ಗಿ ನೋಡಿ. ಫಿಲ್ಟರ್ ಬಿಚ್ಚುವ ಮುನ್ನ ತಳದ ಕವಾಟ ಮುಚ್ಚಿ, ಇಲ್ಲವಾದರೆ ನದಿ ಒಳಗೆ ಬರುತ್ತದೆ. ಲಂಗರು ಕೈಗೆಟುಕುವಂತೆ ಸಿದ್ಧವಿರಲಿ.

ಆಮೇಲೆ ಗ್ರೀನಿಚ್ ತಿರುವು. ಬಿಳಿ ಕಟ್ಟಡಗಳ ಸಾಲು, ಜೊತೆಗೆ ಹಳೆಯ ಹಾಯಿಹಡಗು ಕಟ್ಟಿ ಸಾರ್ಕ್‌ನ ಮೂರು ಕೂವೆಮರಗಳು ನಿಧಾನವಾಗಿ ಬಿಚ್ಚಿಕೊಳ್ಳುವುದು ನೀರಿನ ಮೇಲಿಂದ ಕಾಣುವ ನೋಟ. ರಸ್ತೆಯಿಂದ ಬಂದವರಿಗೆ ಆ ಭಾಗ್ಯವಿಲ್ಲ.

ಟವರ್ ಬ್ರಿಡ್ಜ್ 24 ಗಂಟೆ ಮುಂಚಿತ ಸೂಚನೆ ಕೊಟ್ಟರೆ ಪುಕ್ಕಟೆ ಏಳುತ್ತದೆ. ಅದರಾಚೆಯ ಲಂಡನ್ ಬ್ರಿಡ್ಜ್ ಮಾತ್ರ ಏಳದು. ಎತ್ತರದ ಕೂವೆಯ ದೋಣಿಗೆ ಅದೇ ಗಡಿ. ಲ್ಯಾಂಬೆತ್‌ನ ನದೀತೀರದಲ್ಲಿ 2015ರಿಂದ ನಿಂತಿರುವ ಬಸವಣ್ಣನನ್ನು ನೋಡಬೇಕೆಂದರೆ ದೋಣಿಯನ್ನು ಡಾಕ್ಸ್‌ನಲ್ಲೇ ಕಟ್ಟಿ, ದಕ್ಷಿಣ ದಂಡೆ ಹಿಡಿದು ಗಂಟೆಗೂ ಮೀರಿ ನಡೆಯಬೇಕು.