ಎರಡು ಸಾಲೂ ಒಂದೇ ಅಲ್ವೇನಪ್ಪ?

"ಈ ಎರಡು ಸಾಲೂ ಒಂದೇ ಅಲ್ವೇನಪ್ಪ? ಒಂದನ್ನ ತೆಗೆದುಬಿಡು."

ಮೊನ್ನೆ ಫೈರ್‌ವಾಲ್ ನಿಯಮಗಳ ಪ್ರಿಂಟ್ ಹಿಡಿದು ಕೂತಿದ್ದ ಮೇಡಂ ಕೇಳಿದ್ದು ಇಷ್ಟೇ. ಪಕ್ಕದಲ್ಲಿದ್ದ ಹುಡುಗ ಬಗ್ಗಿ ನೋಡಿ, "ಹೌದು ಮೇಡಂ, ಒಂದೇ ಇದೆ" ಅಂದ. ಹಾಳೆಯ ಮೇಲೆ ನಿಜಕ್ಕೂ ಒಂದೇ ಇತ್ತು, ಅಕ್ಷರಕ್ಕೆ ಅಕ್ಷರ ಸರಿಹೊಂದುವಂತೆ. ಅಳಿಸೋಣವೆಂದು ಫೈಲ್ ತೆರೆದಾಗ ಗೊತ್ತಾಯಿತು: ಮೊದಲನೆಯದು 22ನೇ ಪೋರ್ಟಿಗೆ (ಕಂಪ್ಯೂಟರಿಗೆ ಒಳಬರುವ, ಸಂಖ್ಯೆ ಹಾಕಿದ ಬಾಗಿಲು) ಬರುವವರನ್ನು ಒಳಗೆ ಬಿಡುವ ನಿಯಮ, ಎರಡನೆಯದು 3306ನೇ ಪೋರ್ಟಿಗೆ ಬರುವವರನ್ನು ತಡೆಯುವ ನಿಯಮ. ಯಾವುದನ್ನು ಅಳಿಸಿದ್ದರೂ ಕೆಲಸ ಕೆಡುತ್ತಿತ್ತು.

ಆಮೇಲೆ ಹುಡುಗ ಹೇಳಿದ ಮಾತು ಈ ವಾರವೆಲ್ಲ ತಲೆಯಲ್ಲಿ ಸುತ್ತುತ್ತಿದೆ. "ಆದ್ರೆ ಎರರ್ ಏನೂ ಬರ್ಲಿಲ್ವಲ್ಲ ಮೇಡಂ!"

ಬರುವುದಿಲ್ಲ. ಅವನು ಹಾಳೆ ಉಳಿಸಲೆಂದು, ಬರಹವನ್ನು ಪ್ರಿಂಟಿಗೆ ಪುಟಪುಟವಾಗಿ ಜೋಡಿಸುವ ಯುನಿಕ್ಸಿನ ಪಿಆರ್ (pr) ಕಮಾಂಡಿಗೆ -2 ಕೊಟ್ಟು ಎರಡು ಕಾಲಂ ಮಾಡಿದ್ದ. ಅಗಲ ಎಷ್ಟೆಂದು ಹೇಳದಿದ್ದರೆ ಪಿಆರ್ ಪುಟಕ್ಕೆ 72 ಅಕ್ಷರ ಅಂತ ಹಿಡಿಯುತ್ತದೆ. ನಡುವೆ ಒಂದು ಜಾಗ ಬಿಟ್ಟು ಉಳಿದ 71ನ್ನು ಎರಡು ಪಾಲು ಮಾಡಿದರೆ ಒಂದು ಕಾಲಮ್ಮಿಗೆ ಸಿಗುವುದು 35. ಆ ಎರಡು ನಿಯಮಗಳೋ ಅರವತ್ತು ಅಕ್ಷರದ ಆಸುಪಾಸಿನವು. ಚೈನ್ (ನಿಯಮಗಳ ಗುಂಪು) ಯಾವುದು, ವಿಳಾಸ ಯಾವುದು, ಸಂಪರ್ಕದ ಬಗೆ ಟಿಸಿಪಿಯೋ ಯುಡಿಪಿಯೋ, ಇಷ್ಟಕ್ಕೇ 35 ಮುಗಿಯಿತು. ಪೋರ್ಟ್ ಸಂಖ್ಯೆಯೂ, ಬಿಡಬೇಕೋ ತಡೆಯಬೇಕೋ ಎನ್ನುವ ಕೊನೆಯ ಪದವೂ ಕತ್ತರಿಸಿಹೋದವು. ನಿಯಮದ ಜೀವವೇ ಬಾಲದಲ್ಲಿರುವ ಫೈಲಿಗೆ ಬಾಲ ಕತ್ತರಿಸುವ ಕಮಾಂಡ್ ಹಾಕಿದಂತಾಯಿತು. ಇದು ಬಗ್ ಅಲ್ಲ. ಹಲವು ಕಾಲಂ ಕೇಳಿದಾಗ ಹಿಡಿಸದ ಸಾಲನ್ನು ಕತ್ತರಿಸಬೇಕು, ಒಂದೇ ಕಾಲಂ ಇದ್ದರೆ ಕತ್ತರಿಸಬಾರದು ಎಂದು ಯುನಿಕ್ಸ್ ಬಗೆಯ ವ್ಯವಸ್ಥೆಗಳಿಗಿರುವ ಪೋಸಿಕ್ಸ್ ಮಾನದಂಡವೇ ಹೇಳುತ್ತದೆ. ಕತ್ತರಿಸಿದ್ದಕ್ಕೆ ಎಚ್ಚರಿಕೆಯಿಲ್ಲ, ಕಮಾಂಡ್ ಮುಗಿದಾಗ ಕೊಡುವ ಎಕ್ಸಿಟ್ ಕೋಡ್ ಕೂಡ ಸೊನ್ನೆ, ಅಂದರೆ ಎಲ್ಲ ಸುಸೂತ್ರ.

ಹುಡುಗನನ್ನು ಉಡಾಫೆಯವನು ಎನ್ನಲಾರೆ. ಅವನು ಪ್ರತಿ ಕಮಾಂಡಿನ ಎಕ್ಸಿಟ್ ಕೋಡ್ ನೋಡುವ ಜಾತಿ. ಆದರೆ ಎರರ್ ಬರಲಿಲ್ಲ ಅಂದರೆ ಸರಿಯಿದೆ ಎಂಬ ನಂಬಿಕೆ ಎಷ್ಟು ಆಳಕ್ಕೆ ಇಳಿದಿದೆಯೆಂದರೆ, ಕಣ್ಣೆದುರು ಹಾಳೆಯಿದ್ದರೂ ಸಾಲು ಅರ್ಧದಲ್ಲಿ ನಿಂತಿದೆಯೆಂದು ಅವನಿಗೂ ಅನ್ನಿಸಲಿಲ್ಲ, ಇಪ್ಪತ್ತು ವರ್ಷಗಳ ಅನುಭವದ ಮೇಡಂಗೂ ಅನ್ನಿಸಲಿಲ್ಲ. ಅಂದವಾಗಿ ಜೋಡಿಸಿದ ಕಾಲಮ್ಮುಗಳೇ ಅದಕ್ಕೆ ಕಾರಣ ಅಂತ ನನ್ನ ಗುಮಾನಿ. ಸಾಲು ಅಂಚು ಮೀರಿ ಓರೆಕೋರೆಯಾಗಿ ಬಂದಿದ್ದರೆ ಇಬ್ಬರೂ ತಕ್ಷಣ ಹಿಡಿಯುತ್ತಿದ್ದರು.

ಓರೆಕೋರೆ ಇನ್ನೊಂದು ಕಡೆ ಇತ್ತು, ನಿಜ. ದಿನಾಂಕ, ಫೈಲಿನ ಹೆಸರು, ಪುಟಸಂಖ್ಯೆ ಇರುವ ಮೇಲಿನ ಸಾಲು ಹಾಳೆಯಿಂದ ಹಾಳೆಗೆ ಕೆಳಕ್ಕೆ ಜಾರುತ್ತಿತ್ತು. ಅದಕ್ಕೆ ಎಲ್ಲರೂ ಪ್ರಿಂಟರನ್ನು ಬೈದರು. ಪಾಪ, ಪ್ರಿಂಟರಿನದೇನೂ ತಪ್ಪಿಲ್ಲ. ಪಿಆರ್ ಪುಟಕ್ಕೆ 66 ಸಾಲು ಎಂದು ನಂಬಿದೆ: 11 ಇಂಚಿನ ಹಾಳೆ, ಇಂಚಿಗೆ 6 ಸಾಲು. ಅದರಲ್ಲಿ ತಲೆಗೆ 5, ಬುಡಕ್ಕೆ 5, ನಡುವೆ 56 ಸಾಲು ಬರಹ. 1971ರ ಮೊದಲ ಯುನಿಕ್ಸ್ ಕೈಪಿಡಿಯಲ್ಲೇ ಇದ್ದ ಕಮಾಂಡ್ ಇದು. ಆಗಿನ ಲೆಕ್ಕ ಈಗಲೂ ನಡೆಯುತ್ತಿದೆ. ಎ4 ಹಾಳೆ 11.69 ಇಂಚು ಉದ್ದ. ಮೇಲೆ ಕೆಳಗೆ ಅರ್ಧರ್ಧ ಇಂಚು ಅಂಚು ಬಿಟ್ಟರೆ 10.69 ಇಂಚು, ಅಂದರೆ 64 ಸಾಲು. 66 ಕಳಿಸಿದರೆ ಎರಡು ಸಾಲು ಮುಂದಿನ ಹಾಳೆಗೆ ಹೋಗುತ್ತವೆ. ಬುಡದ 5 ಸಾಲು ಖಾಲಿಯಾದ್ದರಿಂದ ಹೋದದ್ದು ಕಾಣುವುದಿಲ್ಲ, ಜಾರಿದ ತಲೆ ಮಾತ್ರ ಕಾಣುತ್ತದೆ. ಇದಕ್ಕೆ ಹೊಸ ಹಾಳೆಗೆ ಹೋಗು ಎಂದು ಪ್ರಿಂಟರಿಗೆ ಹೇಳುವ ಫಾರ್ಮ್‌ಫೀಡ್ ಮದ್ದು ಎಂದುಕೊಂಡು ದೊಡ್ಡಕ್ಷರದ ಎಫ್ ಆಯ್ಕೆಯನ್ನಷ್ಟೇ ಸೇರಿಸಿದರೆ ಇನ್ನೊಂದು ಕಾಟ: ಲಿನಕ್ಸಿನಲ್ಲಿ ಸಿಗುವ ಗ್ನೂ ಪಿಆರ್ ಆಗ 63 ಸಾಲು ಬರಹ ತುಂಬುತ್ತದೆ, ಮಿಕ್ಕ ಎರಡು ಸಾಲಿಗೆಂದೇ ಒಂದೊಂದು ಹಾಳೆ ಹಾಳಾಗುತ್ತದೆ. ಫಾರ್ಮ್‌ಫೀಡ್ ಜೊತೆಗೆ ಪುಟಕ್ಕೆ ಎಷ್ಟು ಸಾಲೆಂದು ಹೇಳುವ ಸಣ್ಣ ಎಲ್ ಆಯ್ಕೆಗೆ 62 ಕೊಟ್ಟರೆ ಎರಡೂ ತೊಂದರೆ ನಿಲ್ಲುತ್ತವೆ.

ಈ ನಡುವೆ ಮೂರನೆಯವರೊಬ್ಬರು ಬಂದು, "ಅದಕ್ಕೇನು, ಎಫ್‌ಎಂಟಿ ಹಾಕಿ, ಸಾಲು ತಾನಾಗಿ ಮಡಿಚಿಕೊಳ್ಳುತ್ತೆ" ಅಂದರು. ಅರ್ಧ ಕೇಳಿ ಪೂರ್ತಿ ಹೇಳುವವರು ಎಲ್ಲ ಆಫೀಸಿನಲ್ಲೂ ಇರುತ್ತಾರೆ. ಎಫ್‌ಎಂಟಿ ಕಮಾಂಡ್ ಗದ್ಯಕ್ಕೆಂದು ಇರುವುದು. ಉದ್ದದ ಸಾಲನ್ನು ಒಡೆಯುವುದಷ್ಟೇ ಅಲ್ಲ, ಅಕ್ಕಪಕ್ಕದ ಸಾಲುಗಳನ್ನು ಸೇರಿಸಿ ಪ್ಯಾರಾ ಕಟ್ಟುತ್ತದೆ. ನಿಯಮದ ಪಟ್ಟಿಗೆ ಹಾಕಿದರೆ ಯಾವ ನಿಯಮ ಎಲ್ಲಿ ಮುಗಿಯಿತೆಂದೇ ತಿಳಿಯದು. ಹಾಕಲೇಬೇಕೆಂದರೆ ಸಣ್ಣ ಎಸ್ ಆಯ್ಕೆ ಜೊತೆಗಿರಬೇಕು, ಆಗ ಒಡೆಯುತ್ತದೆ, ಸೇರಿಸುವುದಿಲ್ಲ.

ಇಲ್ಲಿ ಬೇಕಿದ್ದದ್ದು ಉದ್ದದ ಸಾಲನ್ನು ಮಡಿಚುವುದಷ್ಟನ್ನೇ ಮಾಡುವ ಫೋಲ್ಡ್. ಅದಕ್ಕೂ ಮೊದಲು ಎಣಿಸುವ ಕಮಾಂಡ್ ಡಬ್ಲ್ಯೂಸಿಗೆ ದೊಡ್ಡಕ್ಷರದ ಎಲ್ ಕೊಟ್ಟು ಫೈಲಿನ ಅತಿ ಉದ್ದದ ಸಾಲು ಎಷ್ಟೆಂದು ನೋಡಬೇಕು. ಈ ಒಂದು ಸಂಖ್ಯೆ ತಿಳಿಯದೆ ಕಾಲಮ್ಮಿನ ಮಾತೇ ಎತ್ತಬಾರದು. ಎ4 ಹಾಳೆಯ ಅಗಲ 8.27 ಇಂಚು, ಅಂಚು ಕಳೆದು 7.27, ಇಂಚಿಗೆ 12 ಅಕ್ಷರದಂತೆ 87. ಹಾಗಾಗಿ ಮೊದಲು ಕ್ಯಾಟ್ -ಎನ್ ಹಾಕಿ ಸಾಲಿಗೆ ಸಂಖ್ಯೆ ಕೊಡುವುದು, ಅದನ್ನು ಫೋಲ್ಡಿಗೆ ಕಳಿಸಿ 86ಕ್ಕೆ ಮಡಿಚುವುದು (ಪದದ ನಡುವೆ ಒಡೆಯದಂತೆ ಸಣ್ಣ ಎಸ್ ಸಹಿತ), ಆಮೇಲೆ ಒಂದೇ ಕಾಲಮ್ಮಿನ ಪಿಆರ್, ಕೊನೆಗೆ ಪ್ರಿಂಟರಿಗೆ ಕಳಿಸುವ ಎಲ್‌ಪಿಗೆ ಸಿಪಿಐ (ಇಂಚಿಗೆ ಅಕ್ಷರ) 12, ಎಲ್‌ಪಿಐ (ಇಂಚಿಗೆ ಸಾಲು) 6, ನಾಲ್ಕೂ ಕಡೆ ಅಂಚು 36 ಪಾಯಿಂಟ್. 72 ಪಾಯಿಂಟಿಗೆ ಒಂದು ಇಂಚು. ಸಂಖ್ಯೆ ಮೊದಲು, ಮಡಿಕೆ ನಂತರ. ಇದನ್ನು ತಿರುಗುಮುರುಗು ಮಾಡಿದರೆ ಮಡಿಚಿದ ತುಂಡಿಗೂ ಹೊಸ ಸಂಖ್ಯೆ ಬಿದ್ದು ಅದು ಬೇರೆ ನಿಯಮದಂತೆ ಕಾಣುತ್ತದೆ. ಸರಿಯಾದ ಕ್ರಮದಲ್ಲಿ ಹೋದರೆ ಸಂಖ್ಯೆಯಿಲ್ಲದ ಸಾಲೆಲ್ಲ ಹಿಂದಿನದರ ಬಾಲ.

ಹೀಗೆ ಒಂದು ಕಮಾಂಡಿನಿಂದ ಇನ್ನೊಂದಕ್ಕೆ ಪೈಪಿನಲ್ಲಿ ಕಳಿಸಿದಾಗ ಪುಟದ ತಲೆಯಲ್ಲಿ ಫೈಲಿನ ಹೆಸರು ಇರುವುದಿಲ್ಲ, ಸಣ್ಣ ಹೆಚ್ ಆಯ್ಕೆಯಿಂದ ನಾವೇ ಬರೆಯಬೇಕು. ದಿನಾಂಕವೂ ಬದಲಾಗುತ್ತದೆ: ಫೈಲನ್ನು ನೇರ ಕೊಟ್ಟರೆ ಅದು ಕೊನೆಯ ಬಾರಿ ತಿದ್ದಿದ ಸಮಯ, ಪೈಪಿನಲ್ಲಾದರೆ ಪ್ರಿಂಟ್ ಕೊಟ್ಟ ಸಮಯ. ತಪಾಸಣೆಯ ಕಾಗದದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ಕನ್ನಡ ಟಿಪ್ಪಣಿಗಳಿರುವ ಫೈಲಾದರೆ ಈ ಲೆಕ್ಕ ಯಾವುದನ್ನೂ ನಂಬಬೇಡಿ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ‘ಸ್ತ್ರೀ’ ಎಂಬ ಒಂದಕ್ಷರಕ್ಕೆ 18 ಬೈಟ್. ಒಂದು ಬೈಟಿಗೆ ಒಂದು ಅಕ್ಷರ, ಒಂದು ಕಾಲಂ ಎಂಬ ಕಾಲದಲ್ಲಿ ಹುಟ್ಟಿದ ಕಮಾಂಡುಗಳಿಗೆ ಅದರ ಅಗಲ ತಿಳಿಯುವುದಿಲ್ಲ. ಅಲ್ಲಿ ಪ್ಯಾಂಗೊ ಎಂಬ ಲೈಬ್ರರಿ ಬಳಸಿ ಅಕ್ಷರ ಜೋಡಿಸುವ ಪ್ಯಾಪ್ಸ್ ಕಮಾಂಡ್ ವಾಸಿ.

"ಎರರ್ ಏನೂ ಬರ್ಲಿಲ್ವಲ್ಲ" ಎಂಬ ಮಾತಿಗೆ ಮೇಡಂ ಕೊಟ್ಟ ಉತ್ತರ, "ಹಳೇ ಕಮಾಂಡು, ನಾವೇ ನೋಡ್ಕೋಬೇಕಪ್ಪ." ಇದನ್ನು ನಾನು ಒಪ್ಪುವುದಿಲ್ಲ. ಕತ್ತರಿಸುವ ಹಕ್ಕು ಪಿಆರ್‌ಗೆ ಇರಲಿ. ಇಷ್ಟು ಸಾಲು ಕತ್ತರಿಸಿದೆ ಎಂದು, ಬರಹದಿಂದ ಬೇರೆಯಾಗಿ ಹೋಗುವ ಎರರ್ ದಾರಿಯಲ್ಲಿ ಒಂದು ಮಾತು ಹೇಳಿದ್ದರೆ ಪ್ರಿಂಟಿಗೆ ಹೋಗುವ ಬರಹಕ್ಕೆ ಅದರಿಂದ ಏನೂ ಆಗುತ್ತಿರಲಿಲ್ಲ. ಹೇಳುವುದೇನೂ ಇಲ್ಲದಾಗ ಸುಮ್ಮನಿರುವುದು ಯುನಿಕ್ಸಿನ ಒಳ್ಳೆಯ ಗುಣ, ಸರಿ. ಇಲ್ಲಿ ಹೇಳುವುದಿತ್ತು. ನೋಡಿಕೊಳ್ಳುವ ಹೊಣೆಯನ್ನೆಲ್ಲ ಬಳಸುವವನ ತಲೆಗೆ ಕಟ್ಟಿ, ಅವನು ಎಡವಿದಾಗ ಕೈಪಿಡಿ ತೋರಿಸುವ ನಮ್ಮ ತಲೆಮಾರಿನ ಚಾಳಿ ಹೋಗಬೇಕು.

ಹುಡುಗ ವಾದಕ್ಕೆ ನಿಲ್ಲಲಿಲ್ಲ, ಒಂದು ಸಣ್ಣ ಸ್ಕ್ರಿಪ್ಟ್ ಬರೆದ. ಸಂಖ್ಯೆ ಹಾಕಿದ ಬರಹದಿಂದ ಟಿಆರ್ ಕಮಾಂಡ್ ಬಳಸಿ ಎಲ್ಲ ಖಾಲಿ ಜಾಗ, ಟ್ಯಾಬ್, ಹೊಸಸಾಲು ತೆಗೆದು ಡಬ್ಲ್ಯೂಸಿಯಲ್ಲಿ ಎಣಿಸುತ್ತದೆ. ಪಿಆರ್‌ಗೆ ತಲೆಸಾಲು ಬೇಡವೆನ್ನುವ ಸಣ್ಣ ಟಿ ಸೇರಿಸಿ, ಅದರಿಂದ ಹೊರಬಂದದ್ದನ್ನೂ ಹಾಗೇ ಎಣಿಸುತ್ತದೆ. ಎರಡು ಎಣಿಕೆ ಒಂದೇ ಆಗಿಲ್ಲದಿದ್ದರೆ ಎಲ್‌ಪಿಗೆ ಕಳಿಸದೆ ಎರರ್ ಕೊಟ್ಟು ನಿಲ್ಲುತ್ತದೆ. ಹಳೆಯ -2 ಆಯ್ಕೆ ಕೊಟ್ಟು ನೋಡಿದ, ನಿಂತಿತು. ಹಾಳೆಗೆ ಹಿಡಿಸದೆ ಮುಂದಕ್ಕೆ ಜಾರುವ ಸಾಲುಗಳನ್ನು ಮಾತ್ರ ಅದು ಹಿಡಿಯದು. ಅದಕ್ಕೆ ಮೊದಲ ಮೂರು ಹಾಳೆ ಪ್ರಿಂಟ್ ಮಾಡಿ ತಲೆಸಾಲು ಒಂದೇ ಎತ್ತರದಲ್ಲಿದೆಯೇ ಎಂದು ನೋಡಿಯೇ ಉಳಿದದ್ದನ್ನು ಕಳಿಸಬೇಕು.