ಹೊಸ ನಗರ ಕಟ್ಟಿದವರು ರಾತ್ರಿ ಎಲ್ಲಿ ಮಲಗಬೇಕು?

ನಗರ ಯೋಜನೆ ಓದಿಕೊಂಡಿದ್ದೇನೆ ಎಂದು ಗೊತ್ತಾದರೆ ಸಾಕು, ಮದುವೆಮನೆಯ ಪಂಕ್ತಿಯಲ್ಲೂ ಪ್ರಶ್ನೆ ತಪ್ಪಿದ್ದಲ್ಲ: “ಬೆಂಗಳೂರು ಕೈಮೀರಿ ಹೋಯ್ತು ಬಿಡಿ. ಎಲ್ಲಾದರೂ ಖಾಲಿ ಜಾಗ ನೋಡಿ, ಅಚ್ಚುಕಟ್ಟಾಗಿ ಒಂದು ಹಸಿರು ನಗರ ಕಟ್ಟಿಬಿಡಬಾರದಾ?”

ಕಟ್ಟಬಹುದು. ಆದರೆ ಯಾರಾದರೂ ಅಂಥ ನಕ್ಷೆ ತೋರಿಸಿದರೆ ನಾನು ಸೋಲಾರ್ ಫಲಕ, ಸೈಕಲ್ ದಾರಿಗಳನ್ನು ಆಮೇಲೆ ನೋಡುತ್ತೇನೆ. ಊರು ಕಟ್ಟುವ ಗಾರೆಯವರು, ಕಟ್ಟಿದ ಮೇಲೆ ಕಸ ಗುಡಿಸುವವರು, ಮನೆಗೆಲಸದವರು, ತರಕಾರಿ ಮಾರುವವರು ರಾತ್ರಿ ಎಲ್ಲಿ ಮಲಗುತ್ತಾರೆ ಎಂದು ಮೊದಲು ಹುಡುಕುತ್ತೇನೆ. ಬಹಳಷ್ಟು ನಕ್ಷೆಗಳಲ್ಲಿ ಅದು ಸಿಗುವುದಿಲ್ಲ.

ಬ್ರೆಜಿಲ್‌ನ ರಾಜಧಾನಿ ಬ್ರಸೀಲಿಯಾ ನೋಡಿ. ಲೂಸಿಯೊ ಕೋಸ್ಟಾ ನಕ್ಷೆ, ಆಸ್ಕರ್ ನೀಮೆಯರ್ ಕಟ್ಟಡಗಳು. ಬಯಲಲ್ಲಿ ನಾಲ್ಕೇ ವರ್ಷದ ಕೆಲಸ, 1960ರ ಏಪ್ರಿಲ್ 21ಕ್ಕೆ ಉದ್ಘಾಟನೆ. ಕಟ್ಟಲು ಬಂದವರಲ್ಲಿ ಬಹಳ ಮಂದಿ ಬರಪೀಡಿತ ಈಶಾನ್ಯ ಭಾಗದವರು. ಕೆಲಸ ಮುಗಿದ ಮೇಲೆ ಅವರು ಊರಿಗೆ ಮರಳುತ್ತಾರೆ ಅಂತ ಮೇಲಿನವರ ಲೆಕ್ಕ. ಬರಗಾಲದ ಊರಿಗೆ ಯಾರು ಮರಳುತ್ತಾರೆ? ಉದ್ಘಾಟನೆಗೂ ಮೊದಲೇ, 1958ರಲ್ಲಿ, ಟಾಗ್ವಾಟಿಂಗಾ ಎಂಬ ಉಪನಗರ ಮಾಡಿ ಜನರನ್ನು ಅಲ್ಲಿಗೆ ಸಾಗಿಸಬೇಕಾಯಿತು. 1971ರಲ್ಲಿ ಗುಡಿಸಲುಗಳನ್ನು ಎತ್ತಂಗಡಿ ಮಾಡಿ ಇನ್ನೊಂದು ಉಪನಗರ ಹುಟ್ಟಿತು, ಸೇಲಾಂಜಿಯಾ. ಆ ಹೆಸರಿನ ಮೊದಲ ಅಕ್ಷರಗಳು “ಒತ್ತುವರಿ ನಿರ್ಮೂಲನ ಅಭಿಯಾನ”ದ ಪೋರ್ಚುಗೀಸ್ ಸಂಕ್ಷೇಪ. ಜನರನ್ನು ಓಡಿಸಿದ ಸರ್ಕಾರಿ ಯೋಜನೆಯ ಹೆಸರನ್ನೇ ಅವರ ಊರಿಗೆ ಇಟ್ಟರು! ಈಗ ಸೇಲಾಂಜಿಯಾದ ಜನಸಂಖ್ಯೆ ಕೋಸ್ಟಾ ನಕ್ಷೆಯ ಮೂಲ ನಗರವನ್ನೂ ಮೀರಿದೆ. ಅಲ್ಲಿಂದ ಸಾವಿರಾರು ಜನ ದಿನಾ ಬೆಳಗ್ಗೆ ಹತ್ತಾರು ಕಿಲೋಮೀಟರ್ ದೂರದ ಕೆಲಸಕ್ಕೆ ಹೋಗಿ ಬರುತ್ತಾರೆ. ಇಷ್ಟೆಲ್ಲ ಓಡಾಟಕ್ಕೆ ಸುಡುವ ಇಂಧನವನ್ನು ನಡುವಿನ ಹುಲ್ಲುಹಾಸು ತೀರಿಸಲಾರದು.

ಚಂಡೀಗಢದ ಕತೆ ಇಷ್ಟು ಕಟುವಲ್ಲ. ಮರಗಳೂ ಸುಖನಾ ಕೆರೆಯೂ ನಿಜಕ್ಕೂ ಚೆಂದ. ಐದು ಲಕ್ಷ ಜನರಿಗೆಂದು ಯೋಚಿಸಿದ್ದು, 2011ರ ಜನಗಣತಿಯ ಹೊತ್ತಿಗೆ ಆ ಕೇಂದ್ರಾಡಳಿತ ಪ್ರದೇಶದಲ್ಲಿ ಹತ್ತೂವರೆ ಲಕ್ಷ ದಾಟಿತ್ತು. ಉಳಿದವರು ಮೊಹಾಲಿ, ಪಂಚಕುಲಗಳಿಗೆ ಹರಿದರು. ಕೂಲಿಯವರು ಗುಡಿಸಲಿನ ಕಾಲೊನಿಗಳಲ್ಲಿ ಉಳಿದರು, ಆ ಕಾಲೊನಿಗಳನ್ನು ಒಂದೊಂದಾಗಿ ಕೆಡವಲಾಯಿತು.

ಅದೇ ಚಂಡೀಗಢದ ಕೆಲಸದಲ್ಲಿ, ಅದರ ನಕ್ಷೆ ಮಾಡಿದ ಲ ಕಾರ್ಬೂಸಿಯೆ ಜೊತೆಗಿದ್ದ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ 1980ರ ದಶಕದಲ್ಲಿ ಇಂದೋರ್ ಹೊರವಲಯದಲ್ಲಿ ಬೇರೆಯದೇ ಲೆಕ್ಕ ಹಾಕಿದರು. ಅರಣ್ಯ ಎಂಬ ಆ ಬಡಾವಣೆಯಲ್ಲಿ ಸುಮಾರು 6,500 ನಿವೇಶನ. ಹೆಚ್ಚಿನ ಪಾಲು ಕಡುಬಡವರಿಗೆ. ಅವರಿಗೆ ಪೂರ್ತಿ ಮನೆ ಕಟ್ಟಿಕೊಡಲಿಲ್ಲ. ತಳಪಾಯ, ಕಕ್ಕಸು, ನೀರು, ಚರಂಡಿ ಸಂಪರ್ಕ ಕೊಟ್ಟರು. ಮಿಕ್ಕಿದ್ದನ್ನು ಕೈಯಲ್ಲಿ ದುಡ್ಡು ಓಡಾಡಿದಾಗ ಅವರವರೇ ಕಟ್ಟಿಕೊಳ್ಳಬೇಕು: ಈ ವರ್ಷ ಒಂದು ಕೋಣೆ, ಮಗನ ಮದುವೆಗೆ ಮೊದಲು ಒಂದು ಮಹಡಿ. ದೊಡ್ಡ ನಿವೇಶನ ಮಾರಿದ ಹಣ ಸಣ್ಣ ನಿವೇಶನಗಳ ಖರ್ಚಿಗೆ ಒದಗಿತು. ಮುಂದೆ ಎಷ್ಟೋ ಬಡವರು ನಿವೇಶನ ಮಾರಿಕೊಂಡು ಹೋದರು, ಮಧ್ಯಮ ವರ್ಗ ಒಳಬಂತು. ಅಷ್ಟಾದರೂ, ಬಡವರು ನಕ್ಷೆಯ ಒಳಗಿದ್ದರು ಎನ್ನುವ ಕಾರಣಕ್ಕೇ ನನಗೆ ಬ್ರಸೀಲಿಯಾಕ್ಕಿಂತ ಅರಣ್ಯ ದೊಡ್ಡದು.

ಇನ್ನು “ಖಾಲಿ ಜಾಗ” ಎಂಬ ಮಾತು. ಆಂಧ್ರದ ಹೊಸ ರಾಜಧಾನಿ ಅಮರಾವತಿಗೆ ಆಯ್ಕೆಯಾದದ್ದು ಕೃಷ್ಣಾ ದಂಡೆಯ ಫಲವತ್ತಾದ ಹೊಲಗಳು. 30,000 ಎಕರೆಗೂ ಹೆಚ್ಚು ಭೂಮಿಯನ್ನು ರೈತರೇ ಒಟ್ಟುಗೂಡಿಸಿ ಕೊಟ್ಟರು. ಬದಲಿಗೆ ಅಭಿವೃದ್ಧಿಪಡಿಸಿದ ನಿವೇಶನ, ಹತ್ತು ವರ್ಷ ವರ್ಷಾಶನ. ಭೂಸ್ವಾಧೀನಕ್ಕಿಂತ ಇದು ಎಷ್ಟೋ ಮೇಲು ಅಂತ ನನಗೂ ಅನ್ನಿಸುತ್ತದೆ. ಆದರೆ 2019ರಲ್ಲಿ ಸರ್ಕಾರ ಬದಲಾಗಿ ಮೂರು ರಾಜಧಾನಿ ಎಂದಿತು. ಕಂಬಿ ಎದ್ದ ಕಟ್ಟಡಗಳು ನಿಂತಲ್ಲೇ ನಿಂತವು. ಹೊಲ ಕೊಟ್ಟವರು ಧರಣಿ ಕೂತರು, 2024ರಲ್ಲಿ ಮತ್ತೆ ಸರ್ಕಾರ ಬದಲಾದ ಮೇಲಷ್ಟೇ ಕೆಲಸಕ್ಕೆ ಚಾಲನೆ ಸಿಕ್ಕಿತು. ಹೊಸ ನಗರಕ್ಕೆ ಮೂವತ್ತು ನಲವತ್ತು ವರ್ಷ ಬೇಕು, ಚುನಾವಣೆ ಐದು ವರ್ಷಕ್ಕೊಮ್ಮೆ. ಇಷ್ಟರ ನಡುವೆ ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಸ್ವಂತ ಗೇಣು ಭೂಮಿಯೂ ಇಲ್ಲದ ಕುಟುಂಬಕ್ಕೆ ನಿಗದಿಯಾಗಿದ್ದು ತಿಂಗಳಿಗೆ 2,500 ರೂಪಾಯಿ ಪಿಂಚಣಿ. ನಿವೇಶನವೇನಿದ್ದರೂ ಭೂಮಿ ಇದ್ದವರಿಗೆ.

ಹಾಗಾದರೆ ಬೇಡವೇ ಬೇಡವಾ ಅಂತ ಕೇಳುತ್ತಾರೆ. ತುಮಕೂರು, ದಾವಣಗೆರೆ, ಹುಬ್ಬಳ್ಳಿಯಂಥ ಊರುಗಳಲ್ಲಿ ಜನ ಈಗಾಗಲೇ ಇದ್ದಾರೆ, ಸಂತೆ ಇದೆ, ರೈಲಿದೆ. ಊರಂಚಿನ ಹೊಸ ಬಡಾವಣೆಗೆ ಮನೆ ಏಳುವ ಮೊದಲೇ ಒಳಚರಂಡಿ, ಬಸ್ಸು, ಸಣ್ಣ ನಿವೇಶನ ಕೊಟ್ಟರೆ ಅದೇ ಹೊಸ ನಗರ. ಉದ್ಘಾಟನೆಯ ಕಲ್ಲು ಹಾಕಿಸಲು ಮಾತ್ರ ಅಷ್ಟು ಮಜಾ ಇರುವುದಿಲ್ಲ.

ಈಗ ಬಿಡದಿಯಲ್ಲಿ ಸುಮಾರು 9,000 ಎಕರೆಯ ಟೌನ್‌ಶಿಪ್ ಮಾತು ನಡೆದಿದೆ, ರೈತರ ವಿರೋಧವೂ ಇದೆ. ಅಲ್ಲೂ ನನ್ನ ಪ್ರಶ್ನೆಗಳು ಇವೇ. ವೃಷಭಾವತಿಯ ಕೊಳಚೆ ಹೊತ್ತ ಬೈರಮಂಗಲ ಕೆರೆಗೆ ಈ ಹೊಸ ಊರಿನ ಕೊಳಚೆಯೂ ಸೇರುತ್ತದಾ? ಪಹಣಿಯಲ್ಲಿ ಹೆಸರಿಲ್ಲದೆ, ಒಂದೆರಡು ಸೀಮೆಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವವರಿಗೆ ನಕ್ಷೆಯಲ್ಲಿ ಎಷ್ಟನೇ ನಂಬರಿನ ನಿವೇಶನ?