ವೀಲ್‌ಚೇರ್ ಹಾಕಿಬಿಡುವ ಮೊದಲು

ನಮ್ಮ ಟಿಕೆಟಿಂಗ್ ಡೆಸ್ಕುಗಳಿಗೆ ಒಂದು ಚಾಳಿ ಅಂಟಿಕೊಂಡಿದೆ. ಅರವತ್ತೈದು ದಾಟಿದ ಹೆಸರು ಪಿಎನ್‌ಆರ್‌ನಲ್ಲಿ ಕಂಡರೆ ಸಾಕು, ಕೇಳದೆಯೇ ಡಬ್ಲ್ಯುಸಿಎಚ್‌ಆರ್, ಅಂದರೆ ವೀಲ್‌ಚೇರಿನ ಕೋಡ್, ಸೇರಿಸಿಬಿಡುತ್ತೇವೆ. ಉಡುಪಿ, ಕುಂದಾಪುರ, ಕಾರ್ಕಳದ ಕಡೆಯಿಂದ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವವರಲ್ಲಿ ಹೆಚ್ಚಿನವರು ದಿನಾ ಬೆಳಗ್ಗೆ ದೇವಸ್ಥಾನಕ್ಕೆ ನಡೆದೇ ಹೋಗಿ ಬರುವವರು. ಅವರಿಗೆ ಬೇಕಾದದ್ದು ಗಾಲಿಯಲ್ಲ, ದಾರಿ ತೋರಿಸುವ ಒಬ್ಬ ಮನುಷ್ಯ. ಅದಕ್ಕೆ ಮಾಸ್ ಎಂಬ ಕೋಡ್ ಹೆಸರಿಗೆ ಇದೆ. ಹಲವು ಕಡೆ ಅದಕ್ಕೆ ಹಣ ಕೇಳುತ್ತಾರೆ. ವೀಲ್‌ಚೇರ್ ಉಚಿತ. ನಮ್ಮ ಮ್ಯಾನೇಜರ್ ಅವರ ಮಾತಿನಲ್ಲೇ ಹೇಳುವುದಾದರೆ, "ಹಾಕಿಬಿಡು, ಪಾರ್ಟಿಗೆ ಖುಷಿಯಾಗುತ್ತದೆ."

ಉಡುಪಿಯ ನಿವೃತ್ತ ಮೇಷ್ಟ್ರು ಮತ್ತು ಅವರ ಪತ್ನಿಗೂ ಹಾಗೆಯೇ ಹಾಕಿದೆ. ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜಪೆಯಿಂದ ಮುಂಬೈ ಒಂದು ಪಿಎನ್‌ಆರ್. ಮುಂಬೈಯಿಂದ ಯುಎಇಯ ಒಂದು ಹಬ್ (ವಿಮಾನ ಬದಲಿಸುವ ನಿಲ್ದಾಣ) ಮೂಲಕ ನ್ಯೂಯಾರ್ಕ್ ಇನ್ನೊಂದು. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಇರುವಾಗ ಮುಂಬೈ ಯಾಕೆ ಎಂದು ಮೇಷ್ಟ್ರು ಕೇಳಿದ್ದರು. ಟಿಕೆಟ್ ಬೇರೆಬೇರೆಯಾದರೆ ಅಲ್ಲಿ ಇಮಿಗ್ರೇಶನ್ ದಾಟಿ, ಬ್ಯಾಗ್ ತೆಗೆದುಕೊಂಡು, ಮತ್ತೆ ಚೆಕ್‌ಇನ್ ಮಾಡಬೇಕು. ಅದಕ್ಕಿಂತ ಆ ಒದ್ದಾಟ ನಮ್ಮ ದೇಶದೊಳಗೇ ಮುಗಿಯಲಿ ಎಂದೆ. ಆ ಸಲಹೆಯನ್ನು ಇವತ್ತೂ ಹಿಂದೆಗೆಯುವುದಿಲ್ಲ.

ಜೂನ್ ತಿಂಗಳು. ಮಳೆಯಲ್ಲಿ ಬಜಪೆಯ ಕಥೆ ಗೊತ್ತಿರುವುದೇ: ಗುಡ್ಡದ ಮೇಲಿನ ರನ್‌ವೇ, ಮೋಡ ಇಳಿದರೆ ವಿಮಾನ ಇನ್ನೊಂದು ಊರಿಗೆ ತಿರುಗುತ್ತದೆ. ಹಾಗಾಗಿ ಮುಂಬೈಯಲ್ಲಿ ಏಳು ಗಂಟೆ ಬಿಟ್ಟಿದ್ದೆ. "ಅಷ್ಟು ಹೊತ್ತು ಏನು ಮಾಡುವುದು ಮಾರಾಯ್ರೆ?" ಎಂದಾಗ, ಅಳಿಯ ಕೊಡಿಸಿದ ಬ್ಯಾಂಕ್ ಕಾರ್ಡ್ ಇದೆಯಲ್ಲ, ಎರಡು ರೂಪಾಯಿಗೆ ಲೌಂಜ್, ಊಟ ಮಾಡಿ ಕಾಲು ಚಾಚಿ ಎಂದುಬಿಟ್ಟೆ. ಲೌಂಜ್ ಇರುವುದು ಸೆಕ್ಯುರಿಟಿಯ ಆಚೆ. ಬ್ಯಾಗ್ ಕೊನೆಯ ಊರಿನವರೆಗೆ ನೇರವಾಗಿ ಚೆಕ್ ಆಗದವರು ಕೌಂಟರ್ ತೆರೆಯುವವರೆಗೆ ಈಚೆಯೇ ಇರಬೇಕು, ಕೌಂಟರ್ ತೆರೆಯುವುದು ಹೊರಡುವುದಕ್ಕೆ ಮೂರು ನಾಲ್ಕು ಗಂಟೆ ಮೊದಲು. ಅವರಿಬ್ಬರೂ ಸಾಮಾನಿನ ಟ್ರಾಲಿ ಕಾಯುತ್ತಾ ಕಬ್ಬಿಣದ ಕುರ್ಚಿಯಲ್ಲಿ ಕುಳಿತು, ಮನೆಯಿಂದ ತಂದ ಅವಲಕ್ಕಿ ತಿಂದರು. ಚೆಕ್‌ಇನ್ ಆದ ಮೇಲೆ ವೀಲ್‌ಚೇರ್ ತಳ್ಳುವ ಹುಡುಗ ಲೌಂಜಿನ ಬಾಗಿಲ ಎದುರಿನಿಂದಲೇ ನೇರವಾಗಿ ಗೇಟಿಗೆ ಕರೆದೊಯ್ದ. ಅವನಿಗೆ ಇನ್ನೂ ಎಂಟು ಜನರನ್ನು ತಳ್ಳಲಿಕ್ಕಿತ್ತು.

ಹಬ್‌ನಲ್ಲಿ ಕನೆಕ್ಷನ್ ಎರಡೂವರೆ ಗಂಟೆ. ಎಂಸಿಟಿ ಎನ್ನುವ ಕನಿಷ್ಠ ಕನೆಕ್ಷನ್ ಸಮಯಕ್ಕಿಂತ ಧಾರಾಳ ಹೆಚ್ಚು, ಸಿಸ್ಟಮ್ ಹಸಿರು ತೋರಿಸಿತ್ತು. ಆದರೆ ವೀಲ್‌ಚೇರಿನವರನ್ನು ವಿಮಾನದಿಂದ ಇಳಿಸುವುದು ಎಲ್ಲರೂ ಇಳಿದ ಮೇಲೆ. ಬಂದ ವಿಮಾನವೂ ತಡ. ಇಳಿದವರನ್ನೆಲ್ಲ ಒಂದು ಕಾಯುವ ಜಾಗಕ್ಕೆ ತಂದು ಸಾಲಾಗಿ ಕೂರಿಸಿ, ಬೋರ್ಡಿಂಗ್ ಪಾಸ್‌ಗಳನ್ನು ಮೇಜಿನವಳು ಸಂಗ್ರಹಿಸಿಟ್ಟುಕೊಂಡಳು. ಅಷ್ಟಾದ ಮೇಲೆ ಯಾರೂ ಬರಲಿಲ್ಲ.

ನಾನು ಮಂಗಳೂರಿನ ಹಂಪನಕಟ್ಟೆಯ ಕಚೇರಿಯಲ್ಲಿ ಶಟರ್ ಅರ್ಧ ಎಳೆದು ಮೊಬೈಲ್ ಹಿಡಿದು ಕುಳಿತಿದ್ದೆ. ಯುಎಇಯಲ್ಲಿ ವಾಟ್ಸ್ಆ್ಯಪ್ ಕರೆ ಹೋಗುವುದಿಲ್ಲ, ಸಂದೇಶ ಮಾತ್ರ. ಗಲ್ಫಿನಲ್ಲಿ ಮನೆಯವರಿರುವ ನಮ್ಮೂರಿನ ಎಲ್ಲರಿಗೂ ಅದು ಗೊತ್ತು. ಮೇಷ್ಟ್ರು ಅಚ್ಚುಕಟ್ಟಾಗಿ ಬರೆಯುತ್ತಿದ್ದರು: "ಇಲ್ಲೇ ಕುಳಿತಿದ್ದೇವೆ. ಇನ್ನೂ ಯಾರೂ ಬಂದಿಲ್ಲ." ಹೊರಡಲು ಐವತ್ತೈದು ನಿಮಿಷ. ನಾನು ಉತ್ತರಿಸಿದೆ: "ಏಳಬೇಡಿ. ನಿಮ್ಮ ಹೆಸರು ಅವರ ಪಟ್ಟಿಯಲ್ಲಿದೆ. ಬಂದೇ ಬರುತ್ತಾರೆ." ಎದ್ದು ಹೋದರೆ ನಡುವೆ ದಾರಿ ತಪ್ಪಬಹುದು ಎಂಬ ಹೆದರಿಕೆ ನನಗೆ. ಅತ್ತ ನ್ಯೂಜೆರ್ಸಿಯಿಂದ ತುಂಬು ಗರ್ಭಿಣಿ ಮಗಳ ಸಂದೇಶ: ಬೋರ್ಡಿಂಗ್ ಶುರುವಾಗಿದೆ ಎಂದು ಆ್ಯಪ್ ತೋರಿಸುತ್ತಿದೆ, ಅಪ್ಪ ಎಲ್ಲಿ? ನಲವತ್ತು ನಿಮಿಷ. ಗೇಟ್ ಇನ್ನೊಂದು ಕಾನ್‌ಕೋರ್ಸಿನಲ್ಲಿ, ಮುಚ್ಚುವುದು ಇಪ್ಪತ್ತು ನಿಮಿಷ ಮೊದಲು. ಏರ್‌ಲೈನಿನ ಏಜೆಂಟ್ ಹೆಲ್ಪ್‌ಡೆಸ್ಕ್ ಸಂಗೀತ ಕೇಳಿಸುತ್ತಿತ್ತು. ನಾನು ಮತ್ತೊಮ್ಮೆ "ಏಳಬೇಡಿ" ಎಂದು ಕಳುಹಿಸಿದೆ. ಅದು ಅವರ ಫೋನಿಗೆ ತಲುಪದೆ ಒಂದೇ ಬೂದು ಟಿಕ್‌ನಲ್ಲಿ ನಿಂತಿತು.

ಅಷ್ಟರಲ್ಲಿ ಮೇಷ್ಟ್ರ ಪತ್ನಿ ಎದ್ದಾಗಿತ್ತು. ಮೇಜಿನ ಬಳಿ ಹೋಗಿ ತಮ್ಮ ಎರಡು ಬೋರ್ಡಿಂಗ್ ಪಾಸ್‌ಗಳನ್ನು ರಾಶಿಯಿಂದ ತಾವೇ ಹೆಕ್ಕಿ ತೆಗೆದು, ಗೇಟ್ ಸಂಖ್ಯೆ ತೋರಿಸಿ ಒಬ್ಬ ಶುಚಿ ಕೆಲಸದವನನ್ನು ದಾರಿ ಕೇಳಿದರಂತೆ. ಅವನು ಕೇರಳದವನು, ಕಾಸರಗೋಡಿನ ಕಡೆಯವನು; ತುಳುವಿನಲ್ಲೇ ಹೇಳಿದ. ಗಂಡನನ್ನು ಎಬ್ಬಿಸಿಕೊಂಡು ನಡೆದೇಬಿಟ್ಟರು. ಕೊನೆಯವರಾಗಿ ಹತ್ತಿದರು. ನನಗೆ ಬಂದದ್ದು ಒಂದೇ ಪದ: "ಹತ್ತಿದೆವು."

ಈಗ ನಾನು ಬುಕಿಂಗ್ ಮಾಡುವಾಗ ಎರಡೇ ಪ್ರಶ್ನೆ ಕೇಳುತ್ತೇನೆ: ಮೆಟ್ಟಿಲು ಹತ್ತುತ್ತೀರಾ, ಒಂದು ಕಿಲೋಮೀಟರ್ ನಡೆಯುತ್ತೀರಾ? ಹೌದು ಎಂದರೆ ವೀಲ್‌ಚೇರ್ ಇಲ್ಲ. ಬದಲಿಗೆ ಕನ್ನಡದಲ್ಲಿ ಒಂದು ಹಾಳೆ ಬರೆದುಕೊಡುತ್ತೇನೆ, ಯಾವ ಫಲಕ ನೋಡಬೇಕು, ಏನು ಕೇಳಬೇಕು ಎಂದು. ನಿಜಕ್ಕೂ ಬೇಕಾದವರಿಗೆ ನಾಲ್ಕು ಗಂಟೆಗಿಂತ ಕಡಿಮೆಯ ಕನೆಕ್ಷನ್ ಮಾರುವುದಿಲ್ಲ, ದರ ಹೆಚ್ಚಾದರೂ ಸರಿ. ಬೋರ್ಡಿಂಗ್ ಪಾಸ್ ಯಾರ ಕೈಗೂ ಬಿಡಬೇಡಿ ಎಂದು ಎರಡು ಸಲ ಹೇಳುತ್ತೇನೆ. ಹದಿನಾಲ್ಕು ಗಂಟೆಯ ಹಾರಾಟಕ್ಕೆ ಹಣ ಕೊಟ್ಟಾದರೂ ಹಾದಿಯ ಆಚೆಗೊಂದು ಈಚೆಗೊಂದು ಸೀಟು ಹಾಕಿಸುತ್ತೇನೆ. ಮೊಣಕಾಲು ನೋವಿನವರನ್ನು ಕಿಟಕಿಗೆ ಒತ್ತಿ ಕೂರಿಸಿದರೆ ನಡುವಿನವರನ್ನು ಎಬ್ಬಿಸಲು ಸಂಕೋಚಪಟ್ಟು ನೀರನ್ನೇ ಕುಡಿಯುವುದಿಲ್ಲ.

"ಉಚಿತವಲ್ಲವೇ, ಯಾರಿಗೇನು ನಷ್ಟ?" ಎನ್ನುತ್ತಾರೆ ಮ್ಯಾನೇಜರ್. 2024ರ ಫೆಬ್ರುವರಿಯಲ್ಲಿ ಮುಂಬೈ ನಿಲ್ದಾಣದಲ್ಲಿ ಪತ್ನಿಗೆ ವೀಲ್‌ಚೇರ್ ಸಿಕ್ಕಿ, ತನಗೆ ಸಿಗದೆ ನಡೆದ ಎಂಬತ್ತರ ವೃದ್ಧರೊಬ್ಬರು ಕುಸಿದು ಸತ್ತರು. ವಿಮಾನಯಾನ ನಿಯಂತ್ರಕ ಡಿಜಿಸಿಎ ಆ ಏರ್‌ಲೈನಿಗೆ 30 ಲಕ್ಷ ರೂಪಾಯಿ ದಂಡ ಹಾಕಿತು. ಸುಮ್ಮನೆ ಹಾಕಿದ ಪ್ರತಿ ಕೋರಿಕೆಯೂ ಬೇಕಾದವರ ಸರದಿಯ ಮುಂದೆ ನಿಲ್ಲುತ್ತದೆ. ಇದನ್ನು ಹೇಳಿದಾಗ ಅವರು ತಿಂಗಳ ಟಾರ್ಗೆಟ್ ಎಷ್ಟಾಯಿತು ಎಂದು ಕೇಳಿದರು.

ಮೊನ್ನೆ ಮೇಷ್ಟ್ರ ಪತ್ನಿಯೇ ನ್ಯೂಜೆರ್ಸಿಯಿಂದ ಕರೆ ಮಾಡಿದ್ದರು. ಮೊಮ್ಮಗಳು ಚೆನ್ನಾಗಿದ್ದಾಳೆ. ವಾಪಸ್ ಬರುವಾಗ ವೀಲ್‌ಚೇರ್ ತೆಗೆಸಿ ಎಂದರು. "ನನ್ನದು ಮಾತ್ರ. ಅವರದ್ದು ಇರಲಿ, ಅವರಿಗೆ ಕುಳಿತು ಹೋಗುವುದು ರೂಢಿಯಾಗಿದೆ." ನಮ್ಮ ಪೋರ್ಟಲಿನಲ್ಲಿ ಎಸ್‌ಎಸ್‌ಆರ್ (ವಿಶೇಷ ಸೇವೆಯ ಕೋರಿಕೆ) ಸೇರಿಸಲು ಬಟನ್ ಇದೆ, ತೆಗೆಯಲು ಇಲ್ಲ. ಮತ್ತೆ ಹೆಲ್ಪ್‌ಡೆಸ್ಕಿನ ಸಂಗೀತ ಕೇಳುತ್ತಿದ್ದೇನೆ.